ಡಿಸೆಂಬರಿನ ಮರಿ

ಅರ್ವೋ ಕೊಸ್ಕೆಲಾ ಹುಟ್ಟಿದ್ದು 1963ರ ಡಿಸೆಂಬರ್ ಇಪ್ಪತ್ತೊಂಬತ್ತರಂದು, ಮಧ್ಯಾಹ್ನದ ಊಟದ ಹೊತ್ತಿಗೆ. ಇನ್ನು ಮೂರು ದಿನ ತಡೆದಿದ್ದರೆ ಅವನ ಬಾಳೇ ಬೇರೆಯಾಗುತ್ತಿತ್ತು ಎಂದು ಪೈಕ್ ಪೋರ್ಟೇಜ್ ಎಂಬ ಆ ಹಿಮದ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವರು ಅದನ್ನು ತಮಾಷೆಗೆ ಹೇಳುವುದಿಲ್ಲ. ಮಕ್ಕಳ ಐಸ್ ಹಾಕಿಯಲ್ಲಿ ವಯಸ್ಸನ್ನು ಎಣಿಸುವುದು ಹುಟ್ಟಿದ ಇಸವಿಯಿಂದ. ಜನವರಿ ಒಂದರಂದು ಹುಟ್ಟಿದವನಿಗೂ ಡಿಸೆಂಬರ್ ಮೂವತ್ತೊಂದರಂದು ಹುಟ್ಟಿದವನಿಗೂ ಒಂದೇ ಗುಂಪು. ಜನವರಿಯ ಮಗು ಗೋಡೆ ಹಿಡಿದು ಹೆಜ್ಜೆ ಹಾಕುವ ಹೊತ್ತಿಗೆ ಡಿಸೆಂಬರಿನದು ಇನ್ನೂ ಕಣ್ಣು ಬಿಡುತ್ತಿರುತ್ತದೆ. ಇಬ್ಬರಿಗೂ ಏಳು ತುಂಬುವ ವರ್ಷ ಇಬ್ಬರನ್ನೂ ಒಂದೇ ಐಸ್ ಮೇಲೆ ಬಿಟ್ಟು ಯಾರು ಮೇಲು, ಯಾರು ಕೆಳಗೆ ಎಂದು ಪಟ್ಟಿ ಮಾಡುತ್ತಾರೆ. ಗಂಡುಮಗುವಿನ ಆಸೆಯಿದ್ದ ಮನೆಗಳಲ್ಲಿ ಗಂಡಹೆಂಡಿರು ಏಪ್ರಿಲ್ ತಿಂಗಳಿಗಾಗಿ ಕಾಯುತ್ತಿದ್ದರಂತೆ, ಆಗ ಬಸಿರಾದರೆ ಹೆರಿಗೆ ಜನವರಿಗೆ. ಅರ್ವೋನ ತಾಯಿ ಫಿನ್‌ಲ್ಯಾಂಡಿನಿಂದ ಬಂದು ಆಗ ಎರಡೇ ವರ್ಷ. ಆಕೆಗೆ ಇದನ್ನು ಯಾರೂ ಹೇಳಿರಲಿಲ್ಲ.

ಸೆಪ್ಟೆಂಬರಿನ ಕೊನೆಗೆ ಆಯ್ಕೆ ನಡೆಯುತ್ತಿತ್ತು. ಹುಡುಗರ ಬೆನ್ನಿಗೆ ನಂಬರಿನ ಬಟ್ಟೆ ಕಟ್ಟಿ ಮೂರು ದಿನ ಓಡಿಸುವರು. ನಾಲ್ಕನೆಯ ದಿನ ರಿಂಕಿನ, ಅಂದರೆ ಐಸ್ ಅಂಗಳದ, ಬಾಗಿಲಿಗೆ ಒಂದು ಕಾಗದ ಅಂಟಿಸುವರು: ಎ, ಬಿ, ಸಿ. ಎ ತಂಡದವರಿಗೆ ತೋಳಿನ ಮೇಲೆ ಹೆಸರು ಹೊಲಿದ ಜಾಕೆಟ್ಟು, ಬೇರೆ ಊರಿಗೆ ಹೋಗಲು ಬಸ್ಸು. ಸಿ ತಂಡದವರಿಗೆ ಬೆಳಗಿನ ಆರು ಗಂಟೆಯ ಐಸ್. ಅರ್ವೋ ಒಂಬತ್ತು ಸೆಪ್ಟೆಂಬರುಗಳಲ್ಲಿ ಆ ಕಾಗದದ ಮುಂದೆ ನಿಂತ. ಮೊದಲ ಸಲ ಮೇಲಿನಿಂದ ಓದಿದ. ಉಳಿದ ಎಂಟು ಸಲ ಕೆಳಗಿನಿಂದ ಓದಲು ಶುರುಮಾಡಿದ. ಹಾಗೆ ಓದಿದರೆ ಹೆಸರು ಬೇಗ ಸಿಗುತ್ತಿತ್ತು. ಕಾಗದದ ನೆತ್ತಿಯ ಮೇಲೆ ಪ್ರತಿ ವರ್ಷವೂ ಡ್ವೇನ್ ಹಾರ್ಗ್ರೋವ್ ಎಂಬ ಹೆಸರಿತ್ತು. ಡ್ವೇನ್ ಹುಟ್ಟಿದ್ದು ಅದೇ 1963ರಲ್ಲಿ, ಜನವರಿ ನಾಲ್ಕರಂದು. ಹನ್ನೊಂದರ ವಯಸ್ಸಿಗೆ ಅವನು ಅರ್ವೋಗಿಂತ ಒಂದು ತಲೆ ಎತ್ತರವಿದ್ದ. ಅರ್ವೋನನ್ನು ಹುಡುಗರು 'ಮರಿ' ಎನ್ನುತ್ತಿದ್ದರು.

ಹದಿನೆಂಟಕ್ಕೆ ಅವನು ಕಾಗದದ ಮಿಲ್ಲು ಸೇರಿದ. ಅಲ್ಲಿಯೂ ಪಾಳಿಗೊಂದು ಹಾಕಿ ತಂಡ, ತಂಡಕ್ಕೊಂದು ದರ್ಜೆ. ಇಪ್ಪತ್ತಾರು ವರ್ಷ ಮೂರನೆಯ ದರ್ಜೆಯಲ್ಲಿ ಆಡಿದ. ಹಟಕ್ಕೆ ಆಡಿದ ಎನ್ನುವಂತಿಲ್ಲ. ಆ ಊರಿನಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಮನುಷ್ಯರ ಮುಖ ನೋಡಲು ಬೇರೆ ಜಾಗವಿರಲಿಲ್ಲ. ಅವನಿಗೆ ನಲವತ್ತನಾಲ್ಕಾದಾಗ ಮಿಲ್ಲು ಮುಚ್ಚಿತು. ಹೆಂಡತಿ ಲೊರೇನ್ ಪಶ್ಚಿಮಕ್ಕೆ, ತನ್ನ ತಂಗಿಯ ಊರಿಗೆ ಹೋದಳು. ಬರುತ್ತೀಯಾ ಎಂದು ಒಮ್ಮೆ ಕೇಳಿದಳು, ಎರಡನೆಯ ಸಲ ಕೇಳಲಿಲ್ಲ. ಅರ್ವೋ ಪಟ್ಟಣ ಸಭೆಯ ಹಿಮ ತೆಗೆಯುವ ಲಾರಿಗೆ ಡ್ರೈವರಾದ. ಮಕ್ಕಳಿಲ್ಲ. ಎರಡು ಬೀದಿಯಾಚೆ ಅಕ್ಕ ಐನೋ ಇದ್ದಳು. ಶನಿವಾರ ಅವಳ ಮನೆಯಲ್ಲಿ ಬಿಸಿ ಹಬೆಯ ಸೌನಾ ಸ್ನಾನ, ಏಲಕ್ಕಿ ಹಾಕಿದ ಬನ್ನು, ಕಾಫಿ. ಉಳಿದ ಆರು ದಿನ ಲಾರಿ ಮತ್ತು ರೇಡಿಯೋ.

ಅಂಥವನಿಗೆ ಐವತ್ತೊಂಬತ್ತಾಗಿದ್ದಾಗ ಒಂದು ಸೆಪ್ಟೆಂಬರಿನ ಬೆಳಿಗ್ಗೆ ಗ್ಯಾಸ್ಟನ್ ಥಿಬೋ ಮನೆಗೆ ಬಂದ. ಗ್ಯಾಸ್ಟನ್‌ಗೆ ಅರವತ್ತೆಂಟು. ಮಿಲ್ಲಿನಲ್ಲಿ ಅರ್ವೋನ ಮೇಸ್ತ್ರಿಯಾಗಿದ್ದವನು. ಈಗ ಅರವತ್ತು ದಾಟಿದವರ ತಂಡದ ನಾಯಕ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ರಿಂಕಿನಲ್ಲಿ ಆಡುವ ಮುದುಕರು ಇವರೇ.

"ಬರೋ ಡಿಸೆಂಬರ್‌ಗೆ ನಿಂಗೆ ಅರವತ್ತು ಅಲ್ವೇನೋ?"

"ಇಪ್ಪತ್ತೊಂಬತ್ತಕ್ಕೆ."

"ಹಾಗಾದ್ರೆ ಈ ಸೀಸನ್ನಿಗೇ ಬರ್ತೀಯ. ಇಸವಿ ಲೆಕ್ಕ. ಬಾ, ನಮ್ಮಲ್ಲಿ ಒಂಬತ್ತು ಜನ ಇದೀವಿ, ಗೋಲ್‌ಕೀಪರ್ ವಾಸಿಲ್ ಬಿಟ್ಟು. ಹತ್ತು ಇಲ್ಲದಿದ್ರೆ ಲೀಗಿನವರು ತಂಡ ಅಂತಾನೇ ಸೇರಿಸಿಕೊಳ್ಳಲ್ಲ. ನೀನು ಬರ್ದೇ ಇದ್ರೆ ಎಲ್ರೂ ಮನೇಲಿ ಕೂತು ಟೀವಿ ನೋಡಬೇಕು."

ಅರ್ವೋ ಒಪ್ಪಿಕೊಂಡ. ಐವತ್ತು ವರ್ಷದ ಹಿಂದೆ ತನ್ನನ್ನು ಹಿಂದಕ್ಕೆಳೆದ ನಿಯಮ ಈಗ ತಿರುಗಿ ತನ್ನ ಪರವಾಗಿದೆ ಎಂದು ಅವನಿಗೆ ಆಗ ಹೊಳೆಯಲಿಲ್ಲ. ಮೊದಲ ಮಂಗಳವಾರ ಐಸ್‌ಗೆ ಇಳಿದ ಹತ್ತು ನಿಮಿಷಕ್ಕೆ ಹೊಳೆಯಿತು. ಎಲ್ಲರೂ ನಿಧಾನವಾಗಿದ್ದರು. ಒಬ್ಬನ ಮಂಡಿಯಲ್ಲಿ ಲೋಹ, ಇನ್ನೊಬ್ಬನ ಎದೆಯಲ್ಲಿ ಯಂತ್ರ. ಗೋಲಿನಲ್ಲಿ ನಿಲ್ಲುವ ವಾಸಿಲ್‌ಗೆ ಎಪ್ಪತ್ತೊಂದು, ಸೊಂಟದ ಕೀಲು ಬದಲಾಯಿಸಿದ್ದು. ಅರ್ವೋ ಪಕ್ ಎಂಬ ರಬ್ಬರ್ ಬಿಲ್ಲೆ ತೆಗೆದುಕೊಂಡು ಹೊರಟರೆ ಹಿಂದೆ ಯಾರೂ ಇಲ್ಲ. ಅವನು ಎರಡು ಸಲ ತಿರುಗಿ ನೋಡಿದ, ಆಟ ನಿಲ್ಲಿಸಿಬಿಟ್ಟರೇನೋ ಎಂದು.

"ಮರಿ ಓಡ್ತಾ ಇದೆ ನೋಡ್ರಪ್ಪಾ!" ಎಂದು ಬಟ್ಟೆ ಬದಲಿಸುವ ಕೋಣೆಯಲ್ಲಿ ವಾಸಿಲ್ ಕೂಗಿದ. "ಏನೋ, ಮನೇಲಿ ಹಾಲು ಕುಡಿದು ಬಂದ್ಯಾ?"

"ನಿನ್ನ ಹಲ್ಲುಸೆಟ್ಟು ಬೆಂಚಿನ ಮೇಲಿದೆ ತಾತ. ಕೂತ್ಕೊಂಡ್ರೆ ಕಚ್ಚುತ್ತೆ."

ಹತ್ತು ಜನ ನಕ್ಕರು. ಆ ಹೆಸರನ್ನು ಅವನು ನಲವತ್ತೈದು ವರ್ಷದಿಂದ ಕೇಳಿರಲಿಲ್ಲ. ಈಗ ಅದು ಹಿಂಸೆಯಾಗಲಿಲ್ಲ. ಮಂಗಳವಾರಗಳನ್ನು ಅವನು ಎದುರುನೋಡತೊಡಗಿದ. ಲಾರಿ ಕೆಲಸ ಎಂಟೂವರೆಗೆ ಮುಗಿದರೆ ಒಂಬತ್ತಕ್ಕೆ ರಿಂಕಿನಲ್ಲಿರುತ್ತಿದ್ದ. ಉಳಿದವರ ಸ್ಟಿಕ್ಕುಗಳಿಗೂ ಕಪ್ಪು ಟೇಪು ಸುತ್ತಿಡುತ್ತಿದ್ದ. ಆಟವಾದ ಮೇಲೆ ಹೆದ್ದಾರಿಯ ಕಾಫಿ ಅಂಗಡಿಯಲ್ಲಿ ಹನ್ನೊಂದು ಜನ ಎರಡು ಮೇಜು ಜೋಡಿಸಿ ಕೂರುವರು. ಹದಿನೈದು ವರ್ಷದಲ್ಲಿ ಅವನು ಅಷ್ಟು ಜನರ ನಡುವೆ ಕೂತದ್ದಿರಲಿಲ್ಲ.

ಮುದುಕರ ಲೀಗಿನಲ್ಲಿಯೂ ದರ್ಜೆಗಳಿವೆ: ಎ, ಬಿ, ಸಿ, ಡಿ. ಅಕ್ಟೋಬರಿನಲ್ಲಿ ಪ್ರತಿ ತಂಡವೂ ಮೂರು ಪರೀಕ್ಷೆಯ ಪಂದ್ಯ ಆಡಬೇಕು. ಲೀಗಿನ ಸಂಚಾಲಕಿ ನೋರೀನ್ ಮ್ಯಾಕ್‌ಅಲಿಸ್ಟರ್, ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು, ಪ್ರೇಕ್ಷಕರ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತು ಬರೆದುಕೊಳ್ಳುತ್ತಾಳೆ. ಅವಳು ಬರೆದದ್ದೇ ದರ್ಜೆ. ಈ ಮೂರು ಪಂದ್ಯಗಳಲ್ಲಿ ಯಾರೂ ತಮ್ಮ ಪೂರ್ತಿ ಆಟ ತೋರಿಸುವುದಿಲ್ಲ. ಮೇಲಿನ ದರ್ಜೆಗೆ ಹೋದರೆ ಚಳಿಗಾಲವಿಡೀ ಸೋಲು. ಎಲುಬು ಮುರಿಯುವ ವಯಸ್ಸಿನಲ್ಲಿ ಸೋಲೆಂದರೆ ಬರೀ ಸೋಲಲ್ಲ. ಆದ್ದರಿಂದ ಚೆನ್ನಾಗಿ ಆಡುವವರು ಆ ವಾರ ಕೆಮ್ಮುತ್ತಾರೆ, ಕುಂಟುತ್ತಾರೆ, ಪಕ್ ಬಂದಾಗ ಸ್ಟಿಕ್ಕು ಬೀಳಿಸುತ್ತಾರೆ. ಎಲ್ಲರಿಗೂ ಗೊತ್ತು, ನೋರೀನ್‌ಗೂ ಗೊತ್ತು.

ಗ್ಯಾಸ್ಟನ್ ಅರ್ವೋನನ್ನು ಪಕ್ಕಕ್ಕೆ ಕರೆದ.

"ನೋಡು, ನಾವು ಡಿ. ಹೋದ ವರ್ಷಾನೂ ಡಿ. ಸಿ ಆದ್ರೆ ಹೇಗೋ ಒದ್ದಾಡಬಹುದು. ಬಿ ಅಂದ್ರೆ ಮುಗೀತು. ಈ ಮುದುಕರು ಬಿ ದರ್ಜೆಯಲ್ಲಿ ಒಂದು ತಿಂಗಳು ನಿಲ್ಲಲ್ಲ. ಅರ್ಥವಾಯ್ತಾ?"

"ಆಯ್ತು."

"ಒಂದು ಪಂದ್ಯಕ್ಕೆ ಒಂದು ಗೋಲು. ಎರಡಾದ್ರೆ ಅದೃಷ್ಟ ಅಂದ್ಕೋತಾಳೆ. ಮೂರಾದ್ರೆ ಆಯಮ್ಮ ನಂಬರ್ ಬರ್ಕೋತಾಳೆ. ಆಮೇಲೆ ನಾನು ಅವಳ ಕಾಲಿಗೆ ಬಿದ್ರೂ ಅಷ್ಟೇ."

"ಆಯ್ತು ಅಂದ್ನಲ್ಲ ಗ್ಯಾಸ್ಟನ್. ಕೆಟ್ಟದಾಗಿ ಆಡೋದು ನಂಗೆ ಹೇಳಿಕೊಡಬೇಕಾ?"

ಮೊದಲನೆಯ ಪಂದ್ಯದಲ್ಲಿ ಒಂದು ಗೋಲು ಹೊಡೆದ. ಎರಡನೆಯದರಲ್ಲಿ ಒಂದು ಹೊಡೆದು, ಖಾಲಿ ಬಲೆಯ ಎದುರು ಬೇಕೆಂದೇ ಬಿದ್ದ. ವಾಸಿಲ್ ಅತ್ತಲಿಂದ ಚಪ್ಪಾಳೆ ತಟ್ಟಿದ. ಎರಡೂ ಪಂದ್ಯ ಸೋತರು. ಎಲ್ಲ ನೆಟ್ಟಗೆ ನಡೆಯುತ್ತಿತ್ತು.

ಮೂರನೆಯದು ಎಪ್ಪತ್ತು ಕಿಲೋಮೀಟರ್ ದೂರದ ದೊಡ್ಡ ಊರಿನ ತಂಡದ ಮೇಲೆ. ಆ ತಂಡದ ಹಿಂದಿನ ಸಾಲಿನಲ್ಲಿ ಎತ್ತರದ, ಹೊಟ್ಟೆ ಬಂದ ಒಬ್ಬ ಮನುಷ್ಯ ನಿಂತಿದ್ದ. ಎರಡೂ ಮಂಡಿಗೆ ಪಟ್ಟಿ. ಹೆಲ್ಮೆಟ್ಟು ತೆಗೆದು ಬೆವರು ಒರೆಸಿಕೊಂಡಾಗ ಅರ್ವೋಗೆ ಗುರುತು ಹತ್ತಿತು. ಡ್ವೇನ್ ಹಾರ್ಗ್ರೋವ್. ಆ ತಂಡದಲ್ಲಿ ಅವನೂ ಅದೇ ವರ್ಷ ಅರವತ್ತಾದವನು.

ಮೊದಲ ಐದು ನಿಮಿಷದಲ್ಲಿ ಅರ್ವೋ ಅವನನ್ನು ದಾಟಿಹೋಗಿ ಒಂದು ಗೋಲು ಹಾಕಿದ. ಅದು ಲೆಕ್ಕದೊಳಗಿನ ಗೋಲು. ಅಲ್ಲಿಗೆ ಸಾಕೆಂದು ನಿಧಾನಿಸಿದ. ಆಟ ನಿಂತಾಗ ಇಬ್ಬರೂ ಅಕ್ಕಪಕ್ಕ ನಿಂತರು. ಅರ್ವೋಗೆ ಮಾತಾಡದೆ ಇರಲಾಗಲಿಲ್ಲ.

"ಡ್ವೇನ್, ನಾನು ಅರ್ವೋ. ಕೊಸ್ಕೆಲಾ. ಗುರ್ತು ಸಿಗ್ಲಿಲ್ವಾ?"

ಡ್ವೇನ್ ಕಣ್ಣು ಕಿರಿದು ಮಾಡಿದ. ಒಳ್ಳೆಯವನು, ಮರ್ಯಾದಸ್ಥ. "ಕೊಸ್ಕೆಲಾ... ನಿಮ್ಮಣ್ಣ ಮಿಲ್ಲಿನಲ್ಲಿದ್ರಲ್ವಾ?"

"ನಂಗೆ ಅಣ್ಣ ಇಲ್ಲ. ಪೈಕ್ ಪೋರ್ಟೇಜ್. ಅರವತ್ತಮೂರನೇ ಇಸವಿ. ಒಂಬತ್ತು ವರ್ಷ ಒಂದೇ ರಿಂಕಿನಲ್ಲಿ ಆಡಿದೀವಿ."

"ಅರವತ್ತಮೂರಾ? ಇರಲಾರದು ಬಿಡಿ," ಎಂದು ಡ್ವೇನ್ ನಕ್ಕ. "ನಮ್ಮ ವರ್ಷದವರೆಲ್ಲ ನಂಗೆ ಗೊತ್ತು. ಒಬ್ಬೊಬ್ರ ಹೆಸರೂ ಹೇಳ್ತೀನಿ ಬೇಕಾದ್ರೆ."

ಅವನು ಸುಳ್ಳು ಹೇಳಲಿಲ್ಲ, ಅವಮಾನ ಮಾಡಬೇಕೆಂದೂ ಇರಲಿಲ್ಲ. ಅವನ ಪಾಲಿಗೆ ಆ ವರ್ಷವೆಂದರೆ ಕಾಗದದ ಮೇಲಿನ ಮೊದಲ ಹದಿನೈದು ಹೆಸರು. ಶಿಳ್ಳೆ ಬಿತ್ತು.

ಮುಂದಿನ ಇಪ್ಪತ್ತು ನಿಮಿಷದಲ್ಲಿ ಅರ್ವೋ ಮತ್ತೆ ಮೂರು ಗೋಲು ಹೊಡೆದ. ಎರಡನೆಯದಾದಾಗ ಗ್ಯಾಸ್ಟನ್ ಬೆಂಚಿನಿಂದ "ಬಾ, ಕೂತ್ಕೋ, ಉಸಿರಾಡು" ಎಂದು ಕರೆದ. ಅವನು ಬರಲಿಲ್ಲ. ಮೂರನೆಯದಾದಾಗ ಗ್ಯಾಸ್ಟನ್ ಎದ್ದು ನಿಂತು ತನ್ನ ಊರಿನ ಫ್ರೆಂಚಿನಲ್ಲಿ ಬೈದ. ನಾಲ್ಕನೆಯದಕ್ಕೆ ಅರ್ವೋ ಬಲೆಯ ಹಿಂದಿನಿಂದ ಸುತ್ತಿಬಂದು, ಡ್ವೇನ್ ತಿರುಗುವವರೆಗೆ ಕಾದು, ಅವನು ನೋಡುತ್ತಿರುವಂತೆಯೇ ಪಕ್ಕನ್ನು ಒಳಗೆ ತಳ್ಳಿದ. ಡ್ವೇನ್ ಸ್ಟಿಕ್ಕಿನಿಂದ ಐಸನ್ನು ತಟ್ಟಿ, "ಭೇಷ್, ಒಳ್ಳೆ ಆಟ ಸಾರ್," ಎಂದ. ಹೆಸರು ಹಿಡಿದು ಕರೆಯಲಿಲ್ಲ. ಮೆಟ್ಟಿಲ ಮೇಲೆ ನೋರೀನ್ ಪೆನ್ನು ತೆಗೆದಳು.

ಕೋಣೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ಸ್ಕೇಟಿನ ದಾರ ಬಿಚ್ಚುತ್ತಿದ್ದರು. ಗೆದ್ದಿದ್ದರು, ಅದೇ ಕಷ್ಟ. ಕೊನೆಗೆ ವಾಸಿಲ್ ತನ್ನ ಕಾಲುಪಟ್ಟಿ ಬಿಚ್ಚುತ್ತಾ, "ಮರಿಗೆ ಹಲ್ಲು ಬಂತು," ಎಂದ. ಯಾರೂ ನಗಲಿಲ್ಲ.

ದರ್ಜೆಗಳ ಪಟ್ಟಿ ಬಂದಾಗ ಅವರ ತಂಡ ಬಿ ದರ್ಜೆಯಲ್ಲಿತ್ತು. ಸೋತ ಡ್ವೇನನ ತಂಡಕ್ಕೆ ಡಿ. ಗ್ಯಾಸ್ಟನ್ ಅರ್ವೋನನ್ನು ಕರೆದುಕೊಂಡು ನೋರೀನಳ ಮನೆಗೆ ಹೋದ. ಆಕೆ ಬಾಗಿಲಲ್ಲೇ ನಿಲ್ಲಿಸಿದಳು.

"ಮೇಡಂ, ಅವತ್ತೊಂದು ದಿನ ಇವನಿಗೆ ಏನೋ ಆಗಿತ್ತು. ನಾವು ನಿಜವಾಗ್ಲೂ ಕೆಟ್ಟ ತಂಡ."

"ಥಿಬೋ ಅವರೇ, ಹದಿನಾಲ್ಕು ತಂಡದವರು ಇದೇ ಮಾತು ಹೇಳಿದಾರೆ. ನಾನು ಯಾರನ್ನ ನಂಬಲಿ?"

"ಎರಡು ಪಂದ್ಯ ಸೋತಿದೀವಲ್ಲ!"

"ಖಾಲಿ ಬಲೆ ಮುಂದೆ ಬೀಳೋದನ್ನ ನಾನು ನೋಡಿಲ್ಲ ಅಂದ್ಕೊಂಡ್ರಾ? ಮೂವತ್ತು ವರ್ಷ ಹೊಟ್ಟೆನೋವು ಅಂತ ಬಂದ ಮಕ್ಕಳನ್ನ ನೋಡಿದೀನಿ."

ಅರ್ವೋ ಮುಂದೆ ಬಂದ. "ನಾನು ತಂಡ ಬಿಟ್ರೆ? ಅವರಿಗೆ ಡಿ ಕೊಡ್ತೀರಾ?"

"ಕೊಡ್ತೀನಿ," ಎಂದಳು ಆಕೆ ತಕ್ಷಣ. "ನೀವು ಬಿ. ಅದು ಎರಡು ಸೀಸನ್ ಬದಲಾಗಲ್ಲ. ಅವರದು ಡಿ ಆಗಬಹುದು, ಹತ್ತು ಜನ ಇದ್ರೆ."

ಗ್ಯಾಸ್ಟನ್ ಬೆರಳೆಣಿಸುವ ಅಗತ್ಯವಿರಲಿಲ್ಲ. "ಇವನು ಹೋದ್ರೆ ಒಂಬತ್ತು. ಇದ್ರೆ ಬಿ," ಎಂದ. ಮೆಟ್ಟಿಲಿಳಿದ.

ಹತ್ತನೆಯವನಿಗಾಗಿ ಮೂರು ವಾರ ಹುಡುಕಿದರು. ಪೈಕ್ ಪೋರ್ಟೇಜಿನಲ್ಲಿ ಅರವತ್ತು ದಾಟಿ ಸ್ಕೇಟಿನ ಮೇಲೆ ನಿಲ್ಲಬಲ್ಲ ಗಂಡಸರು ಆಗಲೇ ಇವರ ಕೋಣೆಯಲ್ಲಿದ್ದರು. ಉಳಿದವರು ಮಿಲ್ಲಿನ ಜೊತೆ ಊರು ಬಿಟ್ಟಿದ್ದರು, ಇಲ್ಲವೇ ಚರ್ಚಿನ ಹಿಂದೆ ಮಣ್ಣಿನಲ್ಲಿದ್ದರು.

ನವೆಂಬರಿನಲ್ಲಿ ಬಿ ದರ್ಜೆಯ ಪಂದ್ಯಗಳು ಶುರುವಾದವು. ಎದುರಿನವರು ಕಾಲೇಜು ತಂಡಗಳಲ್ಲಿ ಆಡಿದವರು, ವಾರಕ್ಕೆ ನಾಲ್ಕು ದಿನ ಅಭ್ಯಾಸ ಮಾಡುವ ನಿವೃತ್ತ ಪೊಲೀಸರು. ಹನ್ನೊಂದು–ಒಂದು. ಒಂಬತ್ತು–ಸೊನ್ನೆ. ಹದಿಮೂರು–ಎರಡು. ಡಿ ಮಟ್ಟದವರ ನಡುವೆ ಗಾಳಿಯಾಗಿದ್ದ ಅರ್ವೋ ಇಲ್ಲಿ ಮತ್ತೆ ಅರ್ವೋ ಆದ. ಪಕ್ ಬಂದರೆ ಎರಡು ಕ್ಷಣದಲ್ಲಿ ಯಾರೋ ಕಿತ್ತುಕೊಳ್ಳುತ್ತಿದ್ದರು. ಅವನು ಇನ್ನೂ ಹೆಚ್ಚು ಓಡಿದ, ಉಳಿದ ಒಂಬತ್ತು ಜನರ ಪಾಲಿನ ಓಟವನ್ನೂ ತಾನೇ ಓಡಿಬಿಡುವವನಂತೆ. ಅದರಿಂದ ಒಂದು ಗೋಲೂ ಕಡಿಮೆಯಾಗಲಿಲ್ಲ.

ಐನೋ ಒಂದು ಶನಿವಾರ ಸೌನಾದ ಕಾದ ಕಲ್ಲಿನ ಮೇಲೆ ನೀರು ಸುರಿಯುತ್ತಾ ಕೇಳಿದಳು:

"ನಾಲ್ಕು ಗೋಲು ಯಾಕೆ ಹೊಡೆದೆ?"

"ಅವನು ನನ್ನ ಗುರುತೇ ಹಿಡೀಲಿಲ್ಲ ಅಕ್ಕ."

"ಈಗ ಹಿಡೀತಾನಾ?"

"ಇಲ್ಲ."

"ಸರಿ," ಎಂದು ಅವಳು ಇನ್ನೊಂದು ಸೌಟು ನೀರು ಹಾಕಿದಳು.

ಡಿಸೆಂಬರ್ ಇಪ್ಪತ್ತೊಂಬತ್ತರಂದು ಅವನಿಗೆ ಅರವತ್ತು ತುಂಬಿತು. ಅದಕ್ಕೆ ಮೂರು ದಿನ ಮೊದಲು, ಮಂಗಳವಾರ, ಪಂದ್ಯದಲ್ಲಿ ಒಬ್ಬ ನಿವೃತ್ತ ಪೊಲೀಸ್ ಬಂದ ರಭಸಕ್ಕೆ ನಿಲ್ಲಲಾಗದೆ ವಾಸಿಲ್‌ನ ಮೇಲೆ ಬಿದ್ದಿದ್ದ. ಬದಲಾಯಿಸಿದ್ದ ಸೊಂಟದ ಕೀಲು ಕಳಚಿತ್ತು. ಹುಟ್ಟುಹಬ್ಬದ ಮಧ್ಯಾಹ್ನವನ್ನು ಅರ್ವೋ ಆಸ್ಪತ್ರೆಯ ಕುರ್ಚಿಯಲ್ಲಿ ಕಳೆದ. ಅವನು ಒಯ್ದ ಬನ್ನನ್ನು ವಾಸಿಲ್ ಕಾಫಿಯಲ್ಲಿ ಅದ್ದಿ ತಿಂದ.

"ಕ್ಷಮಿಸು," ಎಂದ ಅರ್ವೋ.

"ಯಾಕೆ? ನೀನು ಬಿದ್ಯಾ ನನ್ನ ಮೇಲೆ?"

"ನಿಂಗೆ ಗೊತ್ತು ಯಾಕೆ ಅಂತ."

ವಾಸಿಲ್ ಬನ್ನಿನ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡ. "ಗೊತ್ತು," ಎಂದ. "ನಾನೂ ನಿನ್ನ ಜಾಗದಲ್ಲಿದ್ದಿದ್ರೆ ಹೊಡೀತಿದ್ದೆನೋ ಏನೋ. ಆದ್ರೆ ನಾನು ಅಲ್ಲಿರಲಿಲ್ಲ, ಬಲೆ ಮುಂದೆ ಇದ್ದೆ. ಈಗ ಅಲ್ಲೂ ಇಲ್ಲ." ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದ.

ಜನವರಿಯಲ್ಲಿ ಗೋಲ್‌ಕೀಪರ್ ಇಲ್ಲದೆ ಒಂದು ಪಂದ್ಯ ಬಿಟ್ಟುಕೊಟ್ಟರು. ಎದೆಯಲ್ಲಿ ಯಂತ್ರವಿದ್ದವನನ್ನು ಹೆಂಡತಿ ಕಳಿಸಲಿಲ್ಲ. ಇಬ್ಬರು ನೆಗಡಿ ಎಂದರು, ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟರು. ಮೂರು ಪಂದ್ಯ ಬಿಟ್ಟುಕೊಟ್ಟರೆ ಲೀಗು ತಂಡದ ಹೆಸರನ್ನು ಹೊಡೆದುಹಾಕುತ್ತದೆ, ಹೊಡೆದುಹಾಕಿತು. ತಂಡವಿಲ್ಲದ ಮೇಲೆ ಮಂಗಳವಾರ ಬೆಳಗಿನ ಐಸ್ ಯಾರಿಗೆ ಎಂದು ಪಟ್ಟಣ ಸಭೆ ಆ ಹೊತ್ತನ್ನು ರದ್ದು ಮಾಡಿತು. ಕಾಫಿ ಅಂಗಡಿಯಲ್ಲಿ ಮೇಜು ಒಂದಾಯಿತು, ಮತ್ತೆ ಅದೂ ಇಲ್ಲ. ಯಾರೂ ಅರ್ವೋನ ಜೊತೆ ಜಗಳವಾಡಲಿಲ್ಲ. ಅಂಗಡಿಯಲ್ಲಿ ಎದುರು ಸಿಕ್ಕರೆ ಚಳಿಯ ಬಗ್ಗೆ ಮಾತಾಡುವರು.

ಫೆಬ್ರವರಿಯ ಮಧ್ಯದಲ್ಲಿ ಗ್ಯಾಸ್ಟನ್ ಕೋಣೆಯ ಬೀಗದ ಕೈ ಹಿಂದಿರುಗಿಸಲು ರಿಂಕಿಗೆ ಹೋಗುವವನು ದಾರಿಯಲ್ಲಿ ಅರ್ವೋನ ಮನೆಯ ಮುಂದೆ ಕಾರು ನಿಲ್ಲಿಸಿದ. ಅರ್ವೋ ಬಾಗಿಲ ಮುಂದಿನ ಹಿಮ ಎತ್ತಿ ಹಾಕುತ್ತಿದ್ದ.

"ನಿನ್ನ ತಂಡದ ಅಂಗಿ ಇಟ್ಕೋ. ವಾಪಸ್ ಕೇಳೋರು ಯಾರೂ ಇಲ್ಲ."

"ನೀನೇನು ಮಾಡ್ತೀಯ ಗ್ಯಾಸ್ಟನ್?"

ಗ್ಯಾಸ್ಟನ್ ಕಾರಿನ ಕಿಟಕಿಯ ಅಂಚನ್ನು ಕೈಗವಸಿನಿಂದ ಒರೆಸಿದ. "ಹಾರ್ಗ್ರೋವ್ ಫೋನ್ ಮಾಡಿದ್ದ. ಅವರ ಡಿ ತಂಡದಲ್ಲಿ ಇಬ್ಬರು ಕಮ್ಮಿಯಂತೆ. ಗುರುವಾರ ಬೆಳಿಗ್ಗೆ. ಎಪ್ಪತ್ತು ಕಿಲೋಮೀಟರು, ಹೋಗಿ ಬರ್ತೀನಿ. ಇಲ್ಲಾಂದ್ರೆ ನಮ್ಮವಳು ನನ್ನ ಕೈಲಿ ಅಡಿಗೆಮನೆ ಬಣ್ಣ ಹೊಡೆಸ್ತಾಳೆ."

"ಇಬ್ಬರು ಅಂದ್ಯಲ್ಲ."

"ನೀನು ಬಿ, ಅರ್ವೋ." ಅವನು ಮರಿ ಎನ್ನಲಿಲ್ಲ. "ಕೇಳಿದೆ. ಅವರು ಒಪ್ಪಿದ್ರೂ ನೋರೀನ್ ಬಿಡಲ್ಲ."

"ಮುಂದಿನ ವರ್ಷ?"

"ಅದೂ ಲೆಕ್ಕಕ್ಕೆ ಸೇರಿದೆ. ಎರಡು ಸೀಸನ್." ಗ್ಯಾಸ್ಟನ್ ಗೇರು ಹಾಕಿದ, ಮತ್ತೆ ತೆಗೆದ. "ಒಂದು ಕೇಳ್ಬೇಕು ಅಂತಿದ್ದೆ. ಮೂರನೇದು ಹೋಗ್ಲಿ, ಕೋಪದಲ್ಲಿ ಹೊಡೆದೆ. ನಾಲ್ಕನೇದು ಯಾಕೆ?"

ಅರ್ವೋ ಸಲಿಕೆ ಎತ್ತಿ ಕಾರಿನ ಚಕ್ರದ ಮುಂದಿನ ಹಿಮ ಸರಿಸಿದ. ಗ್ಯಾಸ್ಟನ್ ಹೊರಟುಹೋದ.

ಮಾರ್ಚಿನಲ್ಲಿ ಅರ್ವೋ ದೊಡ್ಡ ಊರಿನ ಎರಡು ಬಿ ತಂಡಗಳ ಬಳಿ ಹೋದ. ಮೊದಲನೆಯವರು ಅರ್ಧ ಗಂಟೆ ಆಡಿಸಿ, ಫೋನ್ ಮಾಡುತ್ತೇವೆ ಎಂದರು. ಎರಡನೆಯವರು ಪ್ರಾಮಾಣಿಕರು. "ನಿಮ್ಮ ಮಟ್ಟಕ್ಕೆ ಸಿ ಅಥವಾ ಡಿ ಸರಿಹೋಗುತ್ತೆ ಅಣ್ಣಾ," ಎಂದರು.

ಆ ಶನಿವಾರ ಐನೋಳ ಸೌನಾದ ಒಲೆ ಕೆಟ್ಟಿದ್ದರಿಂದ ಅವಳೇ ತಮ್ಮನ ಮನೆಗೆ ಬನ್ನು ತಂದಳು. ಫ್ರಿಜ್ಜಿನ ಬಾಗಿಲಿಗೆ, ಸ್ಟಿಕ್ಕಿಗೆ ಸುತ್ತುವ ಕಪ್ಪು ಟೇಪಿನಿಂದ ಒಂದು ಕಾಗದ ಅಂಟಿಸಿತ್ತು. ಕನ್ನಡಕ ಏರಿಸಿ ಓದಿದಳು. ಲೀಗಿನ ನೋಂದಣಿ ಪತ್ರ. ಹೆಸರು: ಅರ್ವೋ ಕೊಸ್ಕೆಲಾ. ವಯೋಗುಂಪು: ಅರವತ್ತು ಮತ್ತು ಮೇಲೆ. ದರ್ಜೆ: ಬಿ. ತಂಡ ಎಂಬುದರ ಮುಂದೆ ಚುಕ್ಕೆಗಳ ಸಾಲು ಖಾಲಿಯಿತ್ತು.

"ಇದನ್ನ ಯಾಕೋ ಅಂಟಿಸಿದೀಯ?"

"ಸುಮ್ನೆ."

"ಇಲ್ಲಿ ಖಾಲಿ ಇದೆಯಲ್ಲ, ಏನಾದ್ರೂ ಬರೀಬೇಕಾ?"

"ಏನೂ ಬರೆಯೋದಿಲ್ಲ ಅಕ್ಕ."

ಐನೋ ಫ್ರಿಜ್ಜಿನ ಬಾಗಿಲು ತೆಗೆದು ಹಾಲಿನ ಡಬ್ಬ ತೆಗೆದುಕೊಂಡಳು. ಟೇಪು ಗಟ್ಟಿಯಾಗಿತ್ತು, ಕಾಗದ ಅಲುಗಲಿಲ್ಲ. ಹೊರಗೆ ಹಿಮ ಶುರುವಾಗಿತ್ತು. ಅರ್ವೋ ಲಾರಿಯ ಕೀಲಿಕೈಗಾಗಿ ಜೇಬು ತಡಕಿದ. ಇನ್ನು ಎರಡು ಗಂಟೆಯಲ್ಲಿ ಹಿಮ ತೆಗೆಯಲು ಕರೆ ಬರುತ್ತದೆ.